ಬೇಲಿಯೊಳಗೆ ಬಂದ ಕೆರೆ: ಲಾಲ್‌ಬಾಗಿನ ಬಂಡೆ, ಗೋಪುರ ಮತ್ತು ನೀರಿನ ಚರಿತ್ರೆ

ಲಾಲ್‌ಬಾಗಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ 1760ರಿಂದ ಶುರುಮಾಡುತ್ತಾರೆ. ಸಿರಾದ ಮೊಘಲ್ ತೋಟದ ಮಾದರಿಯಲ್ಲಿ ಹೈದರಾಲಿ ಬೆಂಗಳೂರು ಕೋಟೆಯ ಆಚೆ ಸುಮಾರು 40 ಎಕರೆಯಲ್ಲಿ ತೋಟ ಹಾಕಿಸಿದ, ಟಿಪ್ಪು ಅದನ್ನು ಬೆಳೆಸಿದ, ಇಂಗ್ಲಿಷರು ಸಸ್ಯೋದ್ಯಾನ ಮಾಡಿದರು, ಗಾಜಿನ ಮನೆ ಎದ್ದಿತು, ಫಲಪುಷ್ಪ ಪ್ರದರ್ಶನ ಬಂತು. ಈ ಕ್ರಮದಲ್ಲಿ ತಪ್ಪೇನಿಲ್ಲ. ಆದರೆ ಇಂದಿನ ಲಾಲ್‌ಬಾಗಿಗೆ ಹೋದವರ ಕಣ್ಣಿಗೆ ಮೊದಲು ಬೀಳುವ ಎರಡು ಸಂಗತಿಗಳು ಈ ಕಥನದಲ್ಲಿ ಹಿಂದಕ್ಕೆ ಸರಿದುಬಿಡುತ್ತವೆ. ಒಂದು, ನೆತ್ತಿಯ ಮೇಲೆ ಕೆಂಪೇಗೌಡ ಗೋಪುರ ಹೊತ್ತ ಹೆಬ್ಬಂಡೆ. ಇನ್ನೊಂದು, ದಕ್ಷಿಣದ ತಗ್ಗಿನಲ್ಲಿರುವ ಕೆರೆ. ಬಂಡೆ, ಗೋಪುರಗಳು ತೋಟಕ್ಕಿಂತ ಹಳೆಯವು. ಕೆರೆಯಂತೂ ತೋಟದ ಅಂಗವಾಗಿ ಹುಟ್ಟಿದ್ದಲ್ಲ ಎಂದು ತೋರುತ್ತದೆ. ಆದರೂ ಇವು ತೋಟಕ್ಕೆ ಸೇರಿದ್ದು ತೀರ ತಡವಾಗಿ, 19ನೇ ಶತಮಾನದ ಕೊನೆಯ ದಶಕದಲ್ಲಿ ಅಥವಾ ಅದರಾಚೆಗೆ. ಹಾಗೆ ಸೇರಿದ್ದರಿಂದಲೇ ಕೆರೆ ಉಳಿಯಿತು, ಸೇರಿದ್ದರಿಂದಲೇ ಅದರ ಕಸುಬು ಹೋಯಿತು ಎಂಬುದು ಈ ಲೇಖನದ ವಾದ.

ಮೊದಲು ಬಂಡೆ. ಭೂವಿಜ್ಞಾನಿಗಳು ಇದನ್ನು ಪರ್ಯಾಯದ್ವೀಪದ ನೈಸ್ ಎನ್ನುತ್ತಾರೆ. ಈ ಹೆಸರನ್ನು ಬಳಕೆಗೆ ತಂದವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯೂ. ಎಫ್. ಸ್ಮೀತ್. ವಯಸ್ಸು ಸುಮಾರು 300 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿ ಫಲಕ ನೆಟ್ಟಿದೆ. ಬಗ್ಗಿ ನೋಡಿದರೆ ಕಲ್ಲಿನ ಮೈಯಲ್ಲಿ ಕಪ್ಪು ಬಿಳಿ ಪಟ್ಟೆಗಳು ಒಂದರ ಪಕ್ಕ ಒಂದು ಓಡುತ್ತವೆ, ಕೆಲವೆಡೆ ಮಡಿಚಿಕೊಂಡು ಹಿಂದಿರುಗುತ್ತವೆ. ಆಳದ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಕಲ್ಲು ಮೆತ್ತಗಾಗಿದ್ದಾಗ ಆದ ಮಡಿಕೆಗಳವು. ಪಟ್ಟೆಗಳನ್ನು ಕತ್ತರಿಸಿಕೊಂಡು ಹೋಗುವ ಬೆಳ್ಳನೆಯ ಎಳೆಗಳು ಅವಕ್ಕಿಂತ ಕಿರಿಯವು. ಬಿರುಕಿನೊಳಗೆ ಆಮೇಲೆ ನುಗ್ಗಿ ಗಟ್ಟಿಯಾದ ದ್ರವಶಿಲೆ ಅದು. ಮೇಲ್ಮೈ ಬಿಸಿಲು ಮಳೆಗೆ ಈರುಳ್ಳಿಯಂತೆ ಪದರ ಪದರವಾಗಿ ಕಳಚುತ್ತದೆ. ತಗ್ಗುಗಳಲ್ಲಿ ಮಳೆಗಾಲದಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ. ಸಂಜೆ ಹೊತ್ತು ಇದರ ಮೇಲೆ ಕೂತು ಕಡಲೆಕಾಯಿ ತಿನ್ನುವವರಿಗೆ ಇದೆಲ್ಲ ಗೊತ್ತಿರಬೇಕೆಂದೇನೂ ಇಲ್ಲ.

ಬಂಡೆಯ ಮೇಲಿನ ಗೋಪುರ ಬೆಂಗಳೂರಿನ ನಾಲ್ಕು ಗಡಿ ಗೋಪುರಗಳಲ್ಲಿ ಒಂದು. ಉಳಿದ ಮೂರು ಕೆಂಪಾಂಬುಧಿ ಕೆರೆಯ ಬಳಿ, ಹಲಸೂರು ಕೆರೆಯ ಬಳಿ ಮತ್ತು ಮೇಖ್ರಿ ವೃತ್ತದ ಹತ್ತಿರ ಇವೆ. ಜನರ ಬಾಯಲ್ಲಿ ಇವು ಊರು ಕಟ್ಟಿದ ಕೆಂಪೇಗೌಡನವೇ ಆದರೂ ಇತಿಹಾಸಕಾರರು ಎರಡನೆಯ ಕೆಂಪೇಗೌಡನ ಕಡೆಗೆ ಒಲಿಯುತ್ತಾರೆ. ಊರು ಈ ಗೋಪುರಗಳನ್ನು ದಾಟಿ ಬೆಳೆದರೆ ಕೇಡು ಎಂಬ ಮಾತೊಂದು ಪ್ರತಿ ಪ್ರವಾಸಿ ಕೈಪಿಡಿಯಲ್ಲೂ ಇದೆ. ಊರು ದಾಟಿ ಎಷ್ಟೋ ಮುಂದೆ ಹೋದಮೇಲೆ ಇಂಥ ಮಾತುಗಳಿಗೆ ರುಚಿ ಹೆಚ್ಚು. ಅದಕ್ಕಿಂತ ಗಮನಿಸಬೇಕಾದ್ದು ಅವುಗಳ ನೆಲೆ. ನಾಲ್ಕರಲ್ಲಿ ಎರಡು ನೇರವಾಗಿ ಕೆರೆಗಳ ಮಗ್ಗುಲಲ್ಲಿವೆ. ಲಾಲ್‌ಬಾಗಿನದಕ್ಕೂ ಕೆರೆ ಕಾಲ್ನಡಿಗೆಯ ದೂರದಲ್ಲೇ ಇದೆ. ಎತ್ತರದ ಕಲ್ಲಿನಿಂದ ಕಾವಲುಗಾರ ನೋಡುತ್ತಿದ್ದದ್ದು ಬರುವ ದಂಡನ್ನು ಮಾತ್ರ ಎಂದುಕೊಳ್ಳಬೇಕಿಲ್ಲ. ನದಿಯಿಲ್ಲದ ಊರಿಗೆ ಕೆರೆಯೇ ಆಸ್ತಿ, ಏರಿ ಒಡೆದರೆ ಅದೂ ದಾಳಿಯಷ್ಟೇ ಕೆಟ್ಟದ್ದು. ಇದು ನನ್ನ ಊಹೆ, ಶಾಸನದ ಬೆಂಬಲವಿದೆ ಎಂದು ಹೇಳುತ್ತಿಲ್ಲ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕೂತಿದೆ. ಬಿದ್ದ ಮಳೆ ವೃಷಭಾವತಿ, ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಎಂಬ ಮೂರು ಕಣಿವೆಗಳಿಗೆ ಹಂಚಿಹೋಗುತ್ತದೆ. ಲಾಲ್‌ಬಾಗ್ ಕೆರೆ ಮೂರನೆಯದರ ಮೇಲ್ಭಾಗದಲ್ಲಿದೆ. ಇದರ ನೀರು ಇಳಿಯುವ ದಿಕ್ಕಿನಲ್ಲಿ ಬೆಳ್ಳಂದೂರು, ಅಲ್ಲಿಂದ ವರ್ತೂರು, ಕೊನೆಗೆ ದಕ್ಷಿಣ ಪಿನಾಕಿನಿ. ಒಂದು ಕೆರೆಯ ಕೋಡಿ ಬಿದ್ದ ನೀರು ಮುಂದಿನ ಕೆರೆಯ ಆಯ. ಈ ಸರಪಳಿಯ ಒಂದು ಕೊಂಡಿಯನ್ನು ಬಿಡಿಸಿ ತೋಟದ ಅಲಂಕಾರವಾಗಿ ನೋಡುವುದು ತೀರ ಈಚಿನ ರೂಢಿ.

ಹಾಗಾದರೆ ಹೈದರ್–ಟಿಪ್ಪುಗಳ ತೋಟಕ್ಕೆ ನೀರು ಎಲ್ಲಿಂದ ಬರುತ್ತಿತ್ತು? ಇದಕ್ಕೆ ಒಳ್ಳೆಯ ಸಾಕ್ಷಿ ಫ್ರಾನ್ಸಿಸ್ ಬುಕಾನನ್. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಆತ ಬೆಂಗಳೂರಿಗೆ ಬಂದ. ಪ್ರವಾಸದ ವರದಿ 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಅದರಲ್ಲಿ ಆತ ವರ್ಣಿಸುವ ತೋಟ ಚೌಕ ಚೌಕವಾಗಿ ಹಂಚಿಕೊಂಡಿದೆ. ನಡುವಿನ ಹಾದಿಗಳ ಇಕ್ಕೆಲದಲ್ಲೂ ಸೈಪ್ರಸ್ ಮರಗಳು. ಒಂದು ಚೌಕದಲ್ಲಿ ಗುಲಾಬಿಯೊಂದೇ, ಇನ್ನೊಂದರಲ್ಲಿ ದಾಳಿಂಬೆಯೊಂದೇ, ಬೆರಕೆಯಿಲ್ಲ. 1790ರ ಸುಮಾರಿನಲ್ಲಿ ಇಲ್ಲಿದ್ದ ಸೈನಿಕ ಚಿತ್ರಕಾರ ಜೇಮ್ಸ್ ಹಂಟರ್ ಬಿಡಿಸಿದ ಬೆಂಗಳೂರಿನ ನೋಟದಲ್ಲೂ ಸೈಪ್ರಸ್ ತೋಟದ ಹೆಸರೇ ಬರುತ್ತದೆ. ಆದರೆ ಬುಕಾನನ್ ಕೊಡುವ ಮುಖ್ಯ ವಿವರ ಬೇರೆ. ಈ ತೋಟಗಳ ದೊಡ್ಡ ಕೊರತೆ ನೀರು ಎನ್ನುತ್ತಾನೆ ಆತ. ಟಿಪ್ಪುವಿನ ತೋಟಕ್ಕೆ ಮೂರು ಬಾವಿಗಳೇ ಆಧಾರ. ಅವುಗಳಿಂದ ನೀರೆತ್ತುತ್ತಿದ್ದದ್ದು ಕಪಿಲೆ. ರಾಟೆಯ ಮೇಲೆ ಹಾಯ್ದ ಹಗ್ಗಕ್ಕೆ ತೊಗಲಿನ ಚೀಲ ಕಟ್ಟಿ, ಜೋಡಿ ಎತ್ತುಗಳು ಇಳಿಜಾರಿನಲ್ಲಿ ಇಳಿದಾಗ ಚೀಲ ಮೇಲೆ ಬರುವ ಏರ್ಪಾಡು. ಏತಕ್ಕಿಂತ ಇದೇ ಮೇಲು ಎಂದು ಕೆಲಸದಾಳುಗಳು ಹೇಳಿದ್ದನ್ನೂ ಆತ ದಾಖಲಿಸುತ್ತಾನೆ.

ಮೂರು ಬಾವಿ, ಕಪಿಲೆ, ನೀರಿನ ಕೊರತೆ. ಹೈದರನ ತೋಟಕ್ಕೆ ಮಾತ್ರ ಯಂತ್ರದ ನೆರವಿಲ್ಲದೆ ಜಲಾಶಯವೊಂದರಿಂದ ನೀರು ಬರುತ್ತಿತ್ತು ಎನ್ನುತ್ತಾನೆ ಬುಕಾನನ್. ಟಿಪ್ಪುವಿನ ತೋಟಕ್ಕಂತೂ ಬಾವಿಯೇ ಗತಿ. ನಮ್ಮ ಕೆರೆಗಳ ಲೆಕ್ಕಾಚಾರ ತಿಳಿದವರಿಗೆ ಇದರಲ್ಲಿ ಆಶ್ಚರ್ಯವೂ ಇಲ್ಲ. ಕೆರೆಯ ನೀರು ತೂಬಿನಿಂದ ಹೊರಬಿದ್ದು ಏರಿಯ ಕೆಳಗಿನ ಅಚ್ಚುಕಟ್ಟಿಗೆ ಹರಿಯುತ್ತದೆ. ಮೇಲಿನ ನೆಲಕ್ಕೆ ಅದು ತಾನಾಗಿ ಹತ್ತುವುದಿಲ್ಲ. ಟಿಪ್ಪುವಿನ ತೋಟ ಕೆರೆಗಿಂತ ಎತ್ತರದ ನೆಲದಲ್ಲಿದ್ದಿರಬೇಕು. ಮೇಲಾಗಿ ಕೆರೆಯ ನೀರಿಗೆ ಗದ್ದೆಯವರ ಹಕ್ಕು, ನೀರುಗಂಟಿಯ ಸರದಿ ಎಂಬ ಕಟ್ಟುಪಾಡು ಇರುತ್ತಿತ್ತು. ಟಿಪ್ಪುವಿನ ತೋಟ, ರೈತನ ಕೆರೆ ಎಂಬ ಎರಡು ವ್ಯವಸ್ಥೆಗಳು ಪಕ್ಕಪಕ್ಕದಲ್ಲಿದ್ದೂ ಬೇರೆ ಬೇರೆ ಇದ್ದಿರಬಹುದು.

ಮುಂದಿನ ಐವತ್ತು ಅರವತ್ತು ವರ್ಷ ತೋಟ ಕೈಯಿಂದ ಕೈಗೆ ಹೋಯಿತು. ಮೇಜರ್ ವಾ ಎಂಬ ಅಧಿಕಾರಿ 1819ರವರೆಗೆ ನೋಡಿಕೊಂಡ. ಆಮೇಲೆ ಕಲ್ಕತ್ತೆಯ ಸಸ್ಯೋದ್ಯಾನದ ವಾಲಿಚ್‌ನ ಉಸ್ತುವಾರಿ, 1836ರಿಂದ ಕೆಲಕಾಲ ಕೃಷಿ–ತೋಟಗಾರಿಕೆ ಸಂಘವೊಂದರ ಆಡಳಿತ. 1856ರಲ್ಲಿ ಇದು ಸರ್ಕಾರಿ ಸಸ್ಯೋದ್ಯಾನವಾಯಿತು. ಕ್ಯೂ ಉದ್ಯಾನದಲ್ಲಿ ಪಳಗಿದ ವಿಲಿಯಂ ನ್ಯೂ 1858ರಲ್ಲಿ ಮೇಲ್ವಿಚಾರಕನಾಗಿ ಬಂದ. ನಡುವೆ ಒಂದು ಮೃಗಾಲಯವೂ ಇಲ್ಲಿತ್ತು. ಅದರ ಗುರುತಾಗಿ ಪಾರಿವಾಳದ ಮನೆ ಉಳಿದಿದೆ.

ನಮ್ಮ ವಿಷಯಕ್ಕೆ ನಿರ್ಣಾಯಕವಾದದ್ದು ಜಾನ್ ಕ್ಯಾಮರಾನ್‌ನ ಕಾಲ, 1874ರಿಂದ 1908. ಸೀಮೆಬದನೆಕಾಯಿಯನ್ನು ಈ ಸೀಮೆಯ ಅಡುಗೆಮನೆಗೆ ತಂದ ಕೀರ್ತಿ ಆತನಿಗೆ ಸಲ್ಲುತ್ತದೆ. ತೆಲುಗರು ಅದನ್ನು ಇಂದಿಗೂ ಬೆಂಗಳೂರು ವಂಕಾಯ ಎನ್ನುತ್ತಾರೆ. ಆತ ಬಂದಾಗ ತೋಟ 45 ಎಕರೆ. ಆಮೇಲಿನ ವಿಸ್ತರಣೆಯ ಬಗ್ಗೆ ಎಲ್ಲೆಡೆ ಉಲ್ಲೇಖವಾಗುವ ಅಂಕಿಗಳು ಹೀಗಿವೆ: 1889ರಲ್ಲಿ ಪೂರ್ವಕ್ಕೆ 30 ಎಕರೆ, 1891ರಲ್ಲಿ ಗೋಪುರದ ಬಂಡೆಯೂ ಸೇರಿ 13 ಎಕರೆ, 1894ರಲ್ಲಿ ಬಂಡೆಯ ಕೆಳಗೆ ಮತ್ತೆ 94 ಎಕರೆ, ಒಟ್ಟು 188. ಕೂಡಿ ನೋಡಿದರೆ 182 ಬರುತ್ತದೆ. ಆರು ಎಕರೆಯ ಈ ವ್ಯತ್ಯಾಸವನ್ನು ಯಾರೂ ಗಮನಿಸದೆ ಒಬ್ಬರಿಂದೊಬ್ಬರು ನಕಲು ಮಾಡುತ್ತ ಬಂದಿದ್ದಾರೆ. ಅದಿರಲಿ, ನಮಗೆ ಬೇಕಾದ ತೀರ್ಮಾನಕ್ಕೆ ಆರು ಎಕರೆ ಅಡ್ಡಿಯಲ್ಲ. ಕೆರೆಯೊಂದೇ 30 ಎಕರೆಗೂ ಮಿಕ್ಕಿದೆ. 45 ಎಕರೆಯ ತೋಟದಲ್ಲಿ ಕೆರೆಯನ್ನು ಕಳೆದರೆ ಸೈಪ್ರಸ್ ಹಾದಿಗಳಿಗೂ ಹಣ್ಣಿನ ಚೌಕಗಳಿಗೂ ಉಳಿಯುವುದೇನು? ಬಂಡೆ ಒಳಗೆ ಬಂದ ವರ್ಷ 1891 ಎಂದು ಸ್ಪಷ್ಟವಿದೆ. ಕೆರೆ ಒಳಗೆ ಬಂದದ್ದು 1894ರ ದೊಡ್ಡ ವಿಸ್ತರಣೆಯಲ್ಲಿ, ಇಲ್ಲವೇ ಉದ್ಯಾನ ಇಂದಿನ 240 ಎಕರೆಗೆ ಬೆಳೆದ ಮುಂದಿನ ಹಂತಗಳಲ್ಲಿ ಎಂದೇ ಹೇಳಬೇಕಾಗುತ್ತದೆ.

ಇದೇ ವೇಳೆಗೆ ಗಾಜಿನ ಮನೆ ಎದ್ದಿತು. 1889ರ ನವೆಂಬರ್ 30ರಂದು ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ. ಎರಕದ ಕಬ್ಬಿಣದ ಭಾಗಗಳು ಗ್ಲಾಸ್ಗೋದ ವಾಲ್ಟರ್ ಮ್ಯಾಕ್‌ಫರ್ಲೇನ್ ಕಾರ್ಖಾನೆಯಿಂದ ಬಂದವು. ಮಾದರಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್. ಚಳಿದೇಶದಲ್ಲಿ ಗಾಜಿನ ಮನೆಯೆಂದರೆ ಗಿಡಗಳನ್ನು ಬೆಚ್ಚಗಿಡುವ ಜಾಗ. ಬೆಂಗಳೂರಿನ ಹವೆಯಲ್ಲಿ ಅಂಥ ಅಗತ್ಯ ಏನಿತ್ತು? ಇಲ್ಲಿ ಅದು ಮೊದಲಿನಿಂದಲೂ ಪ್ರದರ್ಶನದ ಮಂಟಪ. 1935ರಲ್ಲಿ ಅದನ್ನು ವಿಸ್ತರಿಸಲಾಯಿತು. ಕ್ಯಾಮರಾನ್ ನಂತರ ಬಂದ ಜರ್ಮನಿಯ ಜಿ. ಎಚ್. ಕ್ರುಂಬಿಗಲ್ 1912ರಲ್ಲಿ ಮೈಸೂರು ತೋಟಗಾರಿಕಾ ಸಂಘ ಕಟ್ಟಿದರು, ಪುಷ್ಪ ಪ್ರದರ್ಶನಗಳಿಗೆ ನೆಲೆ ಒದಗಿಸಿದರು. ಬೆಂಗಳೂರಿನ ಬೀದಿಗಳಲ್ಲಿ ಒಂದು ಜಾತಿಯ ಮರ ಹೂ ಮುಗಿಸುವಾಗ ಇನ್ನೊಂದು ಅರಳುವಂತೆ ನೆಟ್ಟವರೂ ಅವರೇ. ಅವರ ಹೆಸರು ಹೊತ್ತ ಉದ್ಯಾನದ ಹಳೆಯ ಸಭಾಂಗಣ ಶಿಥಿಲವಾಗಿ 2017ರಲ್ಲಿ ಇಲ್ಲವಾಯಿತು. ಗಾಜಿನ ಮನೆಗೆ ಬಳಿದ ಬಣ್ಣದಲ್ಲಿ ಒಂದಿಷ್ಟು ಆ ಕಟ್ಟಡದ ಸುಣ್ಣಕ್ಕೆ ಹೋಗಿದ್ದರೂ ಸಾಕಿತ್ತು.

ಕೆರೆಗೆ ಮರಳೋಣ. ಬಂಡೆ ಉದ್ಯಾನದ ಪಾಲಾದ ದಶಕವೇ ಬೆಂಗಳೂರಿನ ನೀರಿನ ಲೆಕ್ಕ ತಿರುಗಿದ ದಶಕ. ಅರ್ಕಾವತಿಗೆ ಹೆಸರಘಟ್ಟದಲ್ಲಿ ಕೆರೆ ಕಟ್ಟಿ ಕೊಳವೆಯಲ್ಲಿ ಊರಿಗೆ ನೀರು ತರುವ ಯೋಜನೆ ಕೈಗೂಡಿದ್ದು 1890ರ ದಶಕದ ನಡುವಿನಲ್ಲಿ. ನಲ್ಲಿ ಬಂದ ಮೇಲೆ ಊರೊಳಗಿನ ಕೆರೆಗಳು ಕುಡಿಯುವ ನೀರಿನ ಲೆಕ್ಕದಿಂದ ಜಾರಿದವು. ಬಸವನಗುಡಿಯಂಥ ಬಡಾವಣೆಗಳು ಎದ್ದಂತೆ ಗದ್ದೆಗಳು ಕರಗಿ ಅಚ್ಚುಕಟ್ಟೂ ಇಲ್ಲವಾಯಿತು. ಹೀಗೆ ಎರಡೂ ಕಡೆಯಿಂದ ಕೆಲಸ ಕಳೆದುಕೊಂಡ ಕೆರೆಗಳು ಏನಾದವು ಎಂಬುದನ್ನು ಬೆಂಗಳೂರಿನವರಿಗೆ ಹೇಳಬೇಕಿಲ್ಲ. ಧರ್ಮಾಂಬುಧಿಯ ಅಂಗಳದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಗಿದೆ, ಕರಗದ ಶಾಸ್ತ್ರಕ್ಕೆಂದು ಸಣ್ಣ ಕೊಳವೊಂದು ಉಳಿದಿದೆ. ಶೂಲೆ ಕೆರೆಯಲ್ಲಿ ಫುಟ್‌ಬಾಲ್ ಆಡುತ್ತಾರೆ, ಕೋರಮಂಗಲ ಕೆರೆಯ ಜಾಗದಲ್ಲಿ ರಾಷ್ಟ್ರೀಯ ಕ್ರೀಡಾಗ್ರಾಮದ ಮನೆಗಳಿವೆ. ಲಾಲ್‌ಬಾಗ್ ಕೆರೆಯ ಕೆಲಸವೂ ಹೋಗಿತ್ತು. ಆದರೆ ಅಷ್ಟರೊಳಗೆ ಅದಕ್ಕೆ ಬೇರೊಂದು ಉದ್ಯೋಗ ಸಿಕ್ಕಿತ್ತು. ನೋಡಲು ಚೆಂದವಾಗಿರುವುದೇ ಆ ಉದ್ಯೋಗ. ಸಂರಕ್ಷಣೆಯ ಉದ್ದೇಶದಿಂದ ಯಾರೂ ಅದನ್ನು ಉಳಿಸಲಿಲ್ಲ, ಗೋಡೆಯೊಳಗಿದ್ದ ಕಾರಣಕ್ಕೆ ಉಳಿಯಿತು ಅಷ್ಟೆ.

ಬೆಲೆಯನ್ನೂ ತೆರಬೇಕಾಯಿತು. ಏರಿ ಈಗ ನಡಿಗೆಯ ಹಾದಿ. ಬೆಳಗಿನ ಐದೂವರೆಗೇ ಅಲ್ಲಿ ಮಫ್ಲರ್ ಸುತ್ತಿದ ತಲೆಗಳ ಸಾಲು ಹೊರಡುತ್ತದೆ. ನೀರುಕಾಗೆ, ಕೊಕ್ಕರೆ, ಕೆಲವೊಮ್ಮೆ ಹೆಜ್ಜಾರ್ಲೆ ಬರುತ್ತವೆ. ಗೋಡೆಯ ಆಚೆ ಊರು ಬೆಳೆದು ಮಳೆನೀರು ಬರುವ ದಾರಿಗಳು ಕಟ್ಟಡಗಳ ನಡುವೆ ಸಿಕ್ಕಿಕೊಂಡವು, ರಾಜಕಾಲುವೆಯಲ್ಲಿ ಮಳೆಗಿಂತ ಚರಂಡಿ ನೀರೇ ಹೆಚ್ಚಾಯಿತು. ಕೊನೆಗೆ ಉದ್ಯಾನದೊಳಗೇ ಕೊಳಚೆ ನೀರನ್ನು ಶುದ್ಧೀಕರಿಸುವ ಘಟಕ ಬಂತು. ದಿನಕ್ಕೆ 15 ಲಕ್ಷ ಲೀಟರ್ ಸಾಮರ್ಥ್ಯದ ಇಂಥದೇ ಘಟಕ ಕಬ್ಬನ್ ಪಾರ್ಕಿನಲ್ಲೂ ಇದೆ. ಬುಕಾನನ್ ಕಂಡ ಕೊರತೆಯನ್ನು ಕಡೆಗೂ ನೀಗಿಸುತ್ತಿರುವುದರಲ್ಲಿ ಊರಿನ ಬಚ್ಚಲ ನೀರಿಗೂ ಪಾಲಿದೆ ಎಂಬುದು ವ್ಯಂಗ್ಯವಲ್ಲ, ಒಳ್ಳೆಯ ಎಂಜಿನಿಯರಿಂಗ್.

ಕಾನೂನಿನ ದೃಷ್ಟಿಯಿಂದ ಲಾಲ್‌ಬಾಗಿಗೆ ಇರುವ ಮುಖ್ಯ ಆಸರೆ 1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ. ಅದಿದ್ದೂ 2009ರಲ್ಲಿ ಮೆಟ್ರೋ ಕಾಮಗಾರಿಗೆ ಅಂಚಿನ ಗೋಡೆ ಒಡೆದು ಮರ ಕಡಿದಾಗ ಜನ ಬೀದಿಗಿಳಿಯಬೇಕಾಯಿತು. 2025ರಲ್ಲಿ ಸುರಂಗ ರಸ್ತೆಯ ಪ್ರಸ್ತಾಪ ಬಂದಾಗ ಚರ್ಚೆ ಮರಗಳಿಂದ ಬಂಡೆಯ ಕಡೆಗೆ ತಿರುಗಿತು, ಅದು ಸರಿಯಾದ ದಿಕ್ಕು. ಕಣ್ಣಿಗೆ ಕಾಣುವ ಬಂಡೆ ನೆಲದಡಿಯ ಒಂದೇ ಶಿಲಾಸ್ತರದ ಮೇಲೆದ್ದ ತುದಿ ಮಾತ್ರ. ಗಟ್ಟಿ ನೈಸ್‌ನಲ್ಲಿ ಅಂತರ್ಜಲ ಹರಿಯುವುದು ಬಿರುಕುಗಳ ಮೂಲಕ. ಹಾಗಾಗಿ ಫಲಕ ನೆಟ್ಟ ಗುಡ್ಡವನ್ನು ಮುಟ್ಟದೆ ಪಕ್ಕದಲ್ಲಿ ಕೊರೆಯುತ್ತೇವೆ ಎಂಬ ಮಾತು ಕಲ್ಲಿಗೂ ನೀರಿಗೂ ಅನ್ವಯಿಸುವುದಿಲ್ಲ. ಇಂಥ ಯೋಜನೆಯ ಪರಿಶೀಲನೆಯಲ್ಲಿ ಉದ್ಯಾನದ ನಕ್ಷೆಯ ಜೊತೆಗೆ ಕೋರಮಂಗಲ ಕಣಿವೆಯ ನೀರಿನ ನಕ್ಷೆಯೂ ಮೇಜಿನ ಮೇಲಿರಬೇಕು.