ಭ್ರಾತೃಹತ್ಯೆ ಎಂಬ ಮಾತು

ಒಡಹುಟ್ಟಿದವನನ್ನು ಕೊಲ್ಲುವುದಕ್ಕೆ ನಾವು ಬಳಸುವ ‘ಭ್ರಾತೃಹತ್ಯೆ’ ಸಂಸ್ಕೃತದಿಂದ ಬಂದ ಮಾತು. ಇದರಲ್ಲಿನ ‘ಹತ್ಯಾ’ ಒಂಟಿಯಾಗಿ ನಿಲ್ಲಲಾರದ ಪದ. ಮೊದಲು ಇನ್ನೊಂದು ನಾಮಪದವಿದ್ದರೆ ಮಾತ್ರ ಹನ್ ಧಾತುವಿನಿಂದ ಈ ರೂಪ ಸಿದ್ಧಿಸುವುದೆಂದು ಪಾಣಿನಿಯ ನಿಯಮ. ಯಾರನ್ನು ಕೊಂದದ್ದೆಂದು ಹೇಳದೆ ಹತ್ಯೆಯ ಮಾತೆತ್ತುವಂತೆಯೇ ಇಲ್ಲ! ಕನ್ನಡದಲ್ಲಿ ನಾವು ಆ ಕಟ್ಟನ್ನು ಸಡಿಲಿಸಿ ‘ಹತ್ಯೆ’ಯನ್ನು ಒಂಟಿಯಾಗಿಯೇ ನಡೆಸಿಬಿಟ್ಟಿದ್ದೇವೆ. ‘ಭ್ರಾತೃ’ವಾದರೋ ಲ್ಯಾಟಿನ್ನಿನ ಫ್ರಾಟರ್, ಇಂಗ್ಲಿಷಿನ ಬ್ರದರ್‌ಗಳ ನಂಟ, ಗಂಡಿಗೇ ಸೇರಿದ್ದು. ನಮ್ಮ ‘ಒಡಹುಟ್ಟು’ ಅಕ್ಕತಂಗಿಯರನ್ನೂ ಒಳಗೊಳ್ಳುತ್ತದೆ.

ಇದಕ್ಕಿಂತಲೂ ನನ್ನನ್ನು ಬೆರಗುಗೊಳಿಸಿದ್ದು ‘ಭ್ರಾತೃವ್ಯ’. ಸೋದರನ ಮಗ ಎಂಬುದು ಅದರ ಒಂದು ಅರ್ಥ, ಹಗೆ ಎಂಬುದು ಇನ್ನೊಂದು; ಪಾಣಿನಿ ಎರಡಕ್ಕೂ ಬೇರೆ ಬೇರೆ ಸೂತ್ರ ಮಾಡಿದ್ದಾನೆ. ನಮ್ಮ ಹಳ್ಳಿಗಳ ‘ದಾಯಾದಿ’ಯೂ ಅದೇ ದಾರಿಯವನು. ದಾಯವೆಂದರೆ ಪಾಲು, ಪಾಲಿಗೆ ಬಂದವನೇ ಮತ್ಸರಕ್ಕೂ ಬಂದ.

ರಾಜ್ಯವೂ ಒಂದು ಪಾಲೇ ತಾನೆ? ನೆಲಮಂಗಲ ತಾಲ್ಲೂಕಿನ ಮಣ್ಣೆ ಒಂದು ಕಾಲಕ್ಕೆ ಗಂಗರ ರಾಜಧಾನಿ, ಶಾಸನಗಳ ಮಾನ್ಯಪುರ. ರಾಷ್ಟ್ರಕೂಟ ಧ್ರುವನು ತನ್ನ ಅಣ್ಣ ಇಮ್ಮಡಿ ಗೋವಿಂದನನ್ನು ತಳ್ಳಿ ಪಟ್ಟವೇರಿದವನು. ಗಂಗವಾಡಿಯನ್ನು ಗೆದ್ದು ಅಲ್ಲಿಗೆ ಮಗ ಸ್ತಂಭನನ್ನು ನಿಲ್ಲಿಸಿದ; ಪಟ್ಟವನ್ನು ಮಾತ್ರ ಅವನ ತಮ್ಮ ಮುಮ್ಮಡಿ ಗೋವಿಂದನಿಗೆ ಕಟ್ಟಿದ. ಸ್ತಂಭನು ಹನ್ನೆರಡು ಅರಸರನ್ನು ಕೂಡಿಸಿಕೊಂಡು ದಂಗೆಯೆದ್ದು ಸೋತನು. ಆ ಕಾಲದ ರೂಢಿಯಂತೆ ತಲೆ ಉರುಳಬೇಕಾಗಿತ್ತು. ಗೋವಿಂದನು ಅಣ್ಣನಿಗೆ ಗಂಗವಾಡಿಯನ್ನೇ ಮತ್ತೆ ಒಪ್ಪಿಸಿದ. ಮಣ್ಣೆಯಲ್ಲಿ ದೊರೆತ 802ರ ತಾಮ್ರಪಟಗಳಲ್ಲಿ ರಣಾವಲೋಕನೆಂಬ ಬಿರುದಿನ ಈ ಸ್ತಂಭ, ತಮ್ಮನನ್ನು ಪ್ರಭುವೆಂದೊಪ್ಪಿಕೊಂಡು ದಾನ ಕೊಡುತ್ತಾನೆ. ಅಣ್ಣನಾದವನಿಗೆ ಆ ಒಕ್ಕಣೆ ಬರೆಸುವುದು ಸುಲಭವಾಗಿದ್ದೀತೆ?

ನೂರೈವತ್ತು ವರ್ಷ ತುಂಬುವುದರೊಳಗೆ ಅದೇ ಗಂಗವಾಡಿಯಲ್ಲಿ ಇದರ ವಿಪರ್ಯಾಸ ನಡೆಯಿತು. ಇಮ್ಮಡಿ ಬೂತುಗನು ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಬೆಂಬಲದಿಂದ ಅಣ್ಣ ರಾಚಮಲ್ಲನನ್ನು ಕೊಂದು ರಾಜ್ಯ ಪಡೆದ. 949–50ರ ಆತಕೂರು ಶಾಸನ ಇದನ್ನು ಮುಚ್ಚಿಡುವುದಿಲ್ಲ. ಮದ್ದೂರು ತಾಲ್ಲೂಕಿನ ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಸತ್ತವನನ್ನು ಅದು ಎರೆಯಪ್ಪನ ಮಗನೆಂದು ಕರೆಯುತ್ತದೆಯೇ ಹೊರತು ಬೂತುಗನ ಅಣ್ಣನೆಂದಲ್ಲ. ಬೂತುಗನೂ ಎರೆಯಪ್ಪನ ಮಗನೇ! ‘ಭ್ರಾತೃ’ವನ್ನು ಕಳಚಿಬಿಟ್ಟರೆ ಉಳಿಯುವುದು ಬರಿಯ ಯುದ್ಧ, ಬರಿಯ ಗೆಲವು.

ಅದೇ ಕಲ್ಲಿನಲ್ಲಿ ಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ನಾಯಿಯ ಹೆಸರುಂಟು. ಅದನ್ನು ಅರಸನಿಂದ ಬೇಡಿ ಪಡೆದ ಮಣಲೆರನ ಹೆಸರುಂಟು. ಕಲ್ಲನ್ನು ಪೂಜಿಸುವವನಿಗೆ ಬಿಟ್ಟ ಭೂಮಿಯ ಲೆಕ್ಕವೂ ಉಂಟು.