ಶಾಲಾತ್ಯಾಗದ ದಿನನಿರ್ಣಯವೂ ವಿದ್ಯಾಸಾಲವೂ

ಶಿಷ್ಯನು ಗುರುಗೃಹವನ್ನು ಬಿಡುವ ದಿನವು ಋಣಕ್ಕೆ ಸಂಬಂಧಪಟ್ಟುದೆಂಬುದನ್ನು ಧರ್ಮಶಾಸ್ತ್ರಕಾರರು ಬಹು ಹಿಂದೆಯೇ ಕಂಡಿದ್ದರು. ಶಿಲ್ಪವನ್ನು ಕಲಿಯಬಂದ ಅಂತೇವಾಸಿಯು ಗುರುವಿನ ಅನ್ನವನ್ನುಂಡು ಕಲಿಯುವವನಾದುದರಿಂದ, ವಿದ್ಯೆಯು ಮೊದಲೇ ಕೈಗೂಡಿದರೂ ಒಪ್ಪಿದ ಅವಧಿಯು ತೀರುವವರೆಗೆ ಅಲ್ಲಿಯೇ ಇದ್ದು, ದುಡಿಮೆಯ ಫಲವನ್ನು ಗುರುವಿಗೆ ಸಲ್ಲಿಸತಕ್ಕದ್ದೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸುತ್ತದೆ. ಈ ಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದವನು ಕಲ್ಯಾಣದ ವಿಜ್ಞಾನೇಶ್ವರನು. ಅಲ್ಲಿ ತ್ಯಾಗದಿನವು ಪೂರ್ವನಿಶ್ಚಿತವಾದುದರಿಂದ ಸಂದೇಹಕ್ಕೆ ಎಡೆಯಿಲ್ಲ.

ಈಚಿನ ಶಾಲೆಗಳಲ್ಲಿ ಆ ದಿನಕ್ಕೆ ಪ್ರಮಾಣವೆಂದರೆ ದಾಖಲೆಯ ಪುಸ್ತಕ ಮತ್ತು ವರ್ಗಾವಣೆ ಪತ್ರ. 1799ರ ತರುವಾಯ ಕೊಳ್ಳೇಗಾಲ ಸೀಮೆಯು ಹನೂರಿನೊಡನೆ ಕೊಯಮತ್ತೂರು ಜಿಲ್ಲೆಗೆ ಸೇರಿ ಮದರಾಸಿನ ಆಡಳಿತಕ್ಕೊಳಪಟ್ಟಿತು. ನೆರೆಯ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದು ಮೈಸೂರಿನಲ್ಲಿಯೇ ಉಳಿಯಿತು. ಕೆಲವೇ ಹರಿದಾರಿಗಳ ಅಂತರದ ಶಾಲೆಗಳು ಹೀಗೆ ಎರಡು ಸರ್ಕಾರಗಳಿಗೆ ಲೆಕ್ಕವೊಪ್ಪಿಸುತ್ತಿದ್ದು, 1956ರ ನವೆಂಬರ್ 1ರಂದು ಒಂದೇ ರಾಜ್ಯಕ್ಕೆ ಸೇರಿದುವು. ಅಂದು ಪತ್ರದಲ್ಲಿನ ದಿನವನ್ನು ಮುಖ್ಯವಾಗಿ ನೋಡುತ್ತಿದ್ದವನು ಮುಂದಿನ ಶಾಲೆಯ ಉಪಾಧ್ಯಾಯನು. ಇಂದು ಬ್ಯಾಂಕೂ ನೋಡುತ್ತದೆ.

2001ರಲ್ಲಿ ಭಾರತೀಯ ಬ್ಯಾಂಕುಗಳ ಸಂಘವು ವಿದ್ಯಾಸಾಲದ ಮಾದರಿ ಯೋಜನೆಯನ್ನು ರೂಪಿಸಿ, ವ್ಯಾಸಂಗಕಾಲದಲ್ಲಿಯೂ ಅನಂತರ ಕೆಲವು ತಿಂಗಳೂ ಮರುಪಾವತಿಗೆ ವಿರಾಮವನ್ನಿತ್ತಿತು. 2009ರಲ್ಲಿ ಕೇಂದ್ರ ಸರ್ಕಾರವು, ವಾರ್ಷಿಕ ವರಮಾನವು 4.5 ಲಕ್ಷ ರೂಪಾಯಿಗಳನ್ನು ಮೀರದ ಕುಟುಂಬಗಳ ವಿದ್ಯಾರ್ಥಿಗಳಿಗಾಗಿ ಆ ಕಾಲದ ಬಡ್ಡಿಯನ್ನು ತಾನೇ ತೆರಲು ಒಪ್ಪಿತು. ಆದರೆ ನಡುವೆ ವ್ಯಾಸಂಗವನ್ನು ಬಿಟ್ಟವನಿಗೆ ಈ ನೆರವು ಸಲ್ಲದೆಂದಾಯಿತು. ಅನಾರೋಗ್ಯವೇ ಕಾರಣವೆಂದು ದಾಖಲೆಗಳಿಂದ ಸಂಸ್ಥೆಯ ಮುಖ್ಯಸ್ಥನಿಗೆ ಮನದಟ್ಟಾದರೆ ಮಾತ್ರ ಅಪವಾದ.

ಇಲ್ಲಿಯೇ ತೊಡಕು. ಹಾಜರಿಯು ನಿಂತ ದಿನವೊಂದು. ಪತ್ರವನ್ನು ಪಡೆದ ದಿನ ಮತ್ತೊಂದು. ಇವುಗಳಲ್ಲಿ ತ್ಯಾಗದಿನವಾವುದು? ಅಮೆರಿಕ ದೇಶದ ಸಂಯುಕ್ತ ಸರ್ಕಾರದ ವಿದ್ಯಾಸಾಲದ ನಿಯಮಗಳು ಇದಕ್ಕೆ ಉತ್ತರವಿತ್ತಿವೆ. ಹಾಜರಿಯನ್ನು ಕಡ್ಡಾಯವಾಗಿ ಇಡತಕ್ಕ ಸಂಸ್ಥೆಗಳಲ್ಲಿ ಕೊನೆಯ ಹಾಜರಿಯ ದಿನವೇ ಗ್ರಾಹ್ಯ. ಉಳಿದೆಡೆಗಳಲ್ಲಿ ವಿದ್ಯಾರ್ಥಿಯು ಬಿಡುವೆನೆಂದು ತಿಳಿಸಿದ ದಿನ. ತಿಳಿಸದೆ ಹೋದರೆ ಸಾಮಾನ್ಯವಾಗಿ ಪಾಠಾವಧಿಯ ಮಧ್ಯದ ದಿನ.

ಹನೂರಿನ ಮಲೆಯೂರೊಂದರಿಂದ ಸಾಲಮಾಡಿ ಕಾಲೇಜು ಸೇರಿದವನು ಕಾಯಿಲೆಯಿಂದ ಮನೆಗೆ ಮರಳಿ, ವರ್ಷ ಕಳೆದು ಪತ್ರಕ್ಕೆ ಬಂದನೆನ್ನೋಣ. ಆ ಹೊತ್ತಿಗೆ ರೋಗದ ದಾಖಲೆ ಉಳಿದಿರಬೇಕೆಂಬ ನಿಯಮವಿಲ್ಲ. ಬಡ್ಡಿಯಾದರೋ ಬೆಳೆಯುತ್ತಲೇ ಇರುತ್ತದೆ. ಆದುದರಿಂದ ಕೊನೆಯ ಹಾಜರಿ, ಪತ್ರವಿತ್ತ ದಿನ, ಬಿಟ್ಟ ಕಾರಣ ಈ ಮೂರನ್ನೂ ಸಂಸ್ಥೆಯು ಆಯಾ ಕಾಲದಲ್ಲಿಯೇ ಬೇರೆಬೇರೆಯಾಗಿ ಬರೆದಿಟ್ಟು ಬ್ಯಾಂಕಿಗೆ ತಿಳಿಸುವುದು ನ್ಯಾಯ. ಅವಧಿಯನ್ನು ಮೊದಲೇ ಗೊತ್ತುಪಡಿಸಿದ ಸ್ಮೃತಿಕಾರನ ಆಶಯವೂ ಋಣವು ಸಂದೇಹದಲ್ಲಿ ಬೆಳೆಯಬಾರದೆಂಬುದೇ ಆಗಿರಬೇಕು.