ಪರದೇಶಿ ಖಾರಿಟಿಯೊನ್

ಗುಬ್ಬಿ, ಕುಣಿಗಲ್ ಕಡೆ ದಿಕ್ಕಿಲ್ಲದವರನ್ನು ಕಂಡರೆ ‘ಪಾಪ, ಪರದೇಶಿ’ ಎನ್ನುವುದನ್ನು ನೀವು ಕೇಳಿರುತ್ತೀರಿ. ಹಾಗೆನ್ನುವಾಗ ಬೇರೆ ದೇಶದ ನೆನಪು ಯಾರಿಗೂ ಬರುವುದಿಲ್ಲ; ತನ್ನವರಿಲ್ಲದವನೇ ಪರದೇಶಿ. ಪ್ರಾಚೀನ ಗ್ರೀಕರಲ್ಲಿ ‘ಕ್ಸೆನೆ’ ಎಂಬ ಪದವಿತ್ತು. ಪರನಾಡಿನ ಹೆಣ್ಣು ಎಂದೂ ಅರ್ಥ, ಪರನಾಡು ಎಂದೂ ಅರ್ಥ. ಅದರ ಪುಲ್ಲಿಂಗ ರೂಪ ‘ಕ್ಸೆನೊಸ್’ಗೆ ಅತಿಥಿ ಎಂಬ ಅರ್ಥವೂ ಉಂಟು. ನಮ್ಮ ಪದಕ್ಕೆ ಆ ಭಾಗ್ಯವಿಲ್ಲ.

ಅಂಥ ಹೆಣ್ಣೊಬ್ಬಳ ಕಥೆ ನಮ್ಮ ಕರಾವಳಿಯಲ್ಲೇ ನಡೆಯುತ್ತದೆಂದು ವಾದಿಸಿದವರಿದ್ದಾರೆ. ಈಜಿಪ್ಟಿನ ಆಕ್ಸಿರಿಂಕಸ್‌ನ ಹಳೆಯ ಕಸದ ಗುಡ್ಡೆಗಳಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರಿಗೆ ಸಿಕ್ಕ ಪಪೈರಸ್‌ಗಳಲ್ಲಿ ಒಂದು ಪ್ರಹಸನವಿತ್ತು. 1903ರಲ್ಲಿ ಅವರು ಅದನ್ನು 413ನೆಯ ಸಂಖ್ಯೆ ಕೊಟ್ಟು ಪ್ರಕಟಿಸಿದರು. ಬರಹ ಕ್ರಿ.ಶ. ಎರಡನೆಯ ಶತಮಾನದ್ದು. ಗ್ರೀಕ್ ಯುವತಿ ಖಾರಿಟಿಯೊನ್ ಭಾರತದ ರಾಜನೊಬ್ಬನ ಸೆರೆಯಲ್ಲಿ, ಚಂದ್ರದೇವಿಯ ಗುಡಿಯಲ್ಲಿದ್ದಾಳೆ. ಸೋದರ ಹಡಗಿನಲ್ಲಿ ಬಂದು, ರಾಜನಿಗೂ ಅವನ ಕಡೆಯವರಿಗೂ ನೀರು ಬೆರೆಸದ ಮದ್ಯ ಕುಡಿಸಿ, ಅವಳನ್ನು ಬಿಡಿಸಿಕೊಂಡು ಹೋಗುತ್ತಾನೆ. ನಡುವೆ ವಾದ್ಯ, ಕುಣಿತ, ಜೊತೆಗೆ ಹೂಸನ್ನೇ ಅಸ್ತ್ರ ಮಾಡಿಕೊಂಡ ವಿದೂಷಕ. (ಇದನ್ನು ಕಿರುತೆರೆಯಲ್ಲಿ ತೋರಿಸುವ ಧೈರ್ಯ ನನಗಿಲ್ಲ!) 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ನಾಟಕಗಳನ್ನು, ವೀರಣ್ಣನವರ ಹಾಸ್ಯವನ್ನು ಬಲ್ಲ ತುಮಕೂರಿನವರಿಗೆ ಹಾಡು, ಕುಣಿತ, ನಗೆ ಬೆರೆತ ಈ ಆಟ ತೀರ ಹೊಸದೆನಿಸದು.

ನಾಟಕದ ಭಾರತೀಯರ ಬಾಯಲ್ಲಿ ಗ್ರೀಕಲ್ಲದ ಮಾತುಗಳಿವೆ. ಅವು ಕನ್ನಡವೆಂದು 1904ರಲ್ಲಿ ಜರ್ಮನ್ ಶಾಸನತಜ್ಞ ಹುಲ್ಟ್ಜ್ ಸೂಚಿಸಿದರು. ಮೈಸೂರಿನ ಆರ್. ಶಾಮಶಾಸ್ತ್ರಿಗಳು, ಮಂಜೇಶ್ವರದ ಗೋವಿಂದ ಪೈಗಳು ಅದನ್ನು ಮುಂದುವರಿಸಿದರು. 1926ರಲ್ಲಿ ಬಾರ್ನೆಟ್ ಒಪ್ಪಲಿಲ್ಲ. ಆಮೇಲೆ ತುಳು ಎಂಬ ವಾದವೂ ಬಂತು. ನಮ್ಮ ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದು, ಅದಕ್ಕೂ ಹಿಂದೆ ಕನ್ನಡ ಸಮುದ್ರ ದಾಟಿತ್ತೆಂದರೆ ಯಾರಿಗೆ ಹಿಗ್ಗಿಲ್ಲ? ಆದರೆ ವಿಜ್ಞಾನ ಓದಿದವನಿಗೆ ಸಂಶಯದ ಚಟ. ಗ್ರೀಕ್ ಲಿಪಿಕಾರರು ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ. ಅರ್ಥ ತಿಳಿಯದ ಸಾಲನ್ನು ಬೇಕಾದಲ್ಲಿ ಕತ್ತರಿಸಿದರೆ ಬೇಕಾದ ಭಾಷೆ ಸಿಕ್ಕೀತು. ಬರೀ ನಗಿಸಲು ಹೊಸೆದ ಶಬ್ದಗಳೂ ಇರಬಹುದು.

ಈ ಜಗ್ಗಾಟದಲ್ಲಿ ಖಾರಿಟಿಯೊನ್ ಮರೆತೇ ಹೋದಳು. ನನಗಂತೂ ಅವಳೇ ಮುಖ್ಯ. ಓಡಿಹೋಗುವ ಮುಂಚೆ ದೇವಿಯ ಕಾಣಿಕೆಗಳನ್ನೂ ಹೊತ್ತುಕೊಳ್ಳೋಣ ಎನ್ನುತ್ತಾನೆ ವಿದೂಷಕ. ಅವಳು ತಡೆಯುತ್ತಾಳೆ, ದೇವರ ಸೊತ್ತು ಕದ್ದು ದೇವರನ್ನೇ ಬೇಡುವುದು ಹೇಗೆ ಎಂಬುದು ಅವಳ ಅಳುಕು. ಕೊನೆಗೆ ತನ್ನನ್ನು ಕಾಪಾಡೆಂದು ಅವಳು ಬೇಡಿಕೊಳ್ಳುವುದೂ ಆ ಪರನಾಡಿನ ದೇವಿಯನ್ನೇ.